ಮಾರಾಟಕ್ಕಿಟ್ಟ ಕಡಲಂಚಿನ ಮನೆ: ಹೋಂಜಿಮಾ ದ್ವೀಪದ ದುರಸ್ತಿ ದಾಖಲೆ

ಮೊದಲು ಮನೆಯ ವಿವರ. ಜಪಾನಿನ ಸೆತೊ ಒಳಗಡಲಿನಲ್ಲಿರುವ ಶಿವಾಕು ದ್ವೀಪಗಳಲ್ಲಿ ಹೋಂಜಿಮಾ ಒಂದು. ಕಗಾವಾ ಪ್ರಾಂತ್ಯದ ಮರುಗಮೆ ನಗರಕ್ಕೆ ಸೇರಿದ ಊರು, ಅಲ್ಲಿಂದ ಫೆರಿಯಿದೆ. ಮನೆ ಒಂದೇ ಅಂತಸ್ತಿನದು. 28 ತ್ಸುಬೊ, ಅಂದರೆ 92 ಚದರ ಮೀಟರ್ ಚಿಲ್ಲರೆ. ನಾಲ್ಕು ಕೋಣೆಗಳು ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಗೋಡೆಯಿಲ್ಲ, ಸರಿಸುವ ಬಾಗಿಲುಗಳಷ್ಟೇ. ಕಂಬಗಳು ಕಲ್ಲಿನ ಮೇಲೆ ಸುಮ್ಮನೆ ನಿಂತಿವೆ, ಯಾವ ಬೋಲ್ಟೂ ಇಲ್ಲ. ಬಿದಿರ ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಮಣ್ಣಿನ ಹಾಸಿನ ಮೇಲೆ ಕೂರಿಸಿದ ಹಂಚು. ವಾಯವ್ಯಕ್ಕೆ 40 ಮೀಟರ್ ದಾಟಿದರೆ ಸಮುದ್ರ.

ಜಪಾನಿನಲ್ಲಿ 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿವೆ, ಒಟ್ಟು ಮನೆಗಳಲ್ಲಿ 13.8 ಶೇಕಡಾ. ಇವುಗಳಲ್ಲಿ ಕಡಲಂಚಿನ ಮನೆಯನ್ನು ರಿಪೇರಿ ಮಾಡಿ ಮಾರುವವರು ಅಡುಗೆಮನೆ, ಬಚ್ಚಲು, ಹೊಸ ಬಿಳಿ ಗೋಡೆ ಇವುಗಳ ಫೋಟೊ ಹಾಕುತ್ತಾರೆ. ಮನೆಯ ಬೆಲೆ ನಿಜವಾಗಿ ಇರುವುದು ನೆಲದಡಿಯಲ್ಲಿ ಮತ್ತು ಹಂಚಿನ ಅಡಿಯಲ್ಲಿ. ಹಾಗಾಗಿ ಈ ದಾಖಲೆಯಲ್ಲಿ ಆ ಎರಡಕ್ಕೇ ಹೆಚ್ಚು ಜಾಗ.

ಫೆಬ್ರುವರಿ: ಅಳತೆ

ತತಾಮಿ ಚಾಪೆಗಳನ್ನೆಲ್ಲ ಎತ್ತಿ ಹೊರಗಿಟ್ಟ ಮೇಲೇ ಅಳತೆ ಶುರು. ಹಳೆಯ ಭತ್ತದ ಹುಲ್ಲಿನ ತತಾಮಿ ಒಂದೊಂದೂ ಸುಮಾರು 30 ಕಿಲೋ ತೂಗುತ್ತದೆ. ಇಲ್ಲಿ ಇಪ್ಪತ್ತನಾಲ್ಕೂವರೆ ಇದ್ದವು. ಎತ್ತುವ ಮುಂಚೆ ಹಿಂಬದಿಯಲ್ಲಿ ಕೋಣೆಯ ಹೆಸರು, ದಿಕ್ಕು, ಸಂಖ್ಯೆ ಬರೆಯಬೇಕು. ಹಳೆಯ ಮನೆಯಲ್ಲಿ ಯಾವ ಕೋಣೆಯೂ ನೂರಕ್ಕೆ ನೂರು ಚೌಕ ಇರುವುದಿಲ್ಲ, ಒಂದರ ತತಾಮಿ ಇನ್ನೊಂದರ ಜಾಗಕ್ಕೆ ಕೂರುವುದಿಲ್ಲ.

ಲೇಸರ್ ಮಟ್ಟ ಇಟ್ಟು ಪ್ರತಿ ಕಂಬದ ಮೇಲೂ ಒಂದೇ ಎತ್ತರದ ಗೆರೆ ಎಳೆದು, ಅಲ್ಲಿಂದ ತೊಲೆಯ ತಳಕ್ಕೆ ಅಳೆದದ್ದು. ವಾಯವ್ಯ ಮೂಲೆಯ ಅಡುಗೆಮನೆ ಕಂಬ 38 ಮಿ.ಮೀ. ಕುಸಿದಿತ್ತು. ಒಟ್ಟು ಅಂಕಿಗಿಂತ ಇಳಿಜಾರು ಮುಖ್ಯ. ಆ ಮೂಲೆಯ ಮೂರು ಮೀಟರಿನೊಳಗೇ 23 ಮಿ.ಮೀ. ಇಳಿದಿತ್ತು, ಅಂದರೆ ಸಾವಿರಕ್ಕೆ ಏಳೂವರೆಗಿಂತ ಹೆಚ್ಚು. ಜಪಾನಿನ ಸಚಿವಾಲಯದ ಮಾನದಂಡದಲ್ಲಿ ಸಾವಿರಕ್ಕೆ ಮೂರರ ಒಳಗಿದ್ದರೆ ಚಿಂತೆ ಕಡಿಮೆ, ಆರು ಮೀರಿದರೆ ಮನೆಯ ಮೂಲ ಕಟ್ಟಿನಲ್ಲೇ ದೋಷವಿರುವ ಸಾಧ್ಯತೆ ಹೆಚ್ಚು.

ತೇವ ಅಳೆಯುವ ಮೀಟರಿನ ಎರಡು ಸೂಜಿಯನ್ನು ಪ್ರತಿ ಕಂಬದ ಬುಡಕ್ಕೆ ಚುಚ್ಚಿ ನೋಡಿದಾಗ ಆಗ್ನೇಯದ ಕಂಬಗಳು 14ರಿಂದ 17 ಶೇಕಡಾ ತೋರಿಸಿದವು. ಅಡುಗೆಮನೆ ಮೂಲೆ 31. ಮರದಲ್ಲಿ ತೇವ 20ರ ಕೆಳಗಿದ್ದರೆ ನೆಮ್ಮದಿ. 28–30ರ ಆಸುಪಾಸಿನಲ್ಲಿ ಮರದ ನಾರು ನೀರಿನಿಂದ ತುಂಬಿಹೋಗಿರುತ್ತದೆ, ಕೊಳೆಸುವ ಶಿಲೀಂಧ್ರಕ್ಕೆ ಅದೇ ಹಬ್ಬ. ಮೀಟರು ಇಲ್ಲದಿದ್ದರೆ ಸುತ್ತಿಗೆಯಿಂದ ತಟ್ಟಿ ಕೇಳಿ, ದಪ್ಪ ಸ್ಕ್ರೂಡ್ರೈವರ್ ಒತ್ತಿ ನೋಡಿ. ಗಟ್ಟಿ ಮರ ಟಣ್ ಅನ್ನುತ್ತದೆ, ಕೊಳೆತದ್ದು ಡೊಬ್ ಅನ್ನುತ್ತದೆ. ಇಲ್ಲಿ ಆರು ಕಂಬಗಳಲ್ಲಿ ಸ್ಕ್ರೂಡ್ರೈವರ್ 20 ಮಿ.ಮೀ. ಒಳಹೋಯಿತು.

ಕಾರಣ ಹುಡುಕದೆ ಕಂಬ ಬದಲಿಸಿದರೆ ಇಪ್ಪತ್ತು ವರ್ಷದಲ್ಲಿ ಮತ್ತೆ ಅದೇ ಕೆಲಸ. ಈ ಮನೆಯಲ್ಲಿ ಮೂರು ಕಾರಣ ಸಿಕ್ಕವು, ಮೂರೂ ಹಿಂದಿನ ದುರಸ್ತಿಯವು. ಹೊರಗೆ ಗೋಡೆಗೆ ಒತ್ತಿ ಕಾಂಕ್ರೀಟ್ ಹಾಸು ಹಾಕಿದ್ದರಿಂದ ನೆಲದಡಿಗೆ ಗಾಳಿ ಹೋಗುವ ದಾರಿ ಮುಚ್ಚಿತ್ತು. ಮಣ್ಣಿನ ಗೋಡೆಯ ಕೆಳಭಾಗಕ್ಕೆ ಸಿಮೆಂಟ್ ಗಿಲಾವು ಬಳಿದಿದ್ದರು. ಬಚ್ಚಲಿನ ಟೈಲ್ಸ್ ನಡುವೆ ಕೂದಲೆಳೆಯಷ್ಟು ಬಿರುಕು, ಅದರ ನೀರು ನೇರ ಕಂಬದ ಬುಡಕ್ಕೆ. ಇವುಗಳಿಗೆ ಉಪ್ಪು ಸೇರಿಕೊಂಡಿತು. ಗಾಳಿಯಲ್ಲಿನ ತೇವ 75 ಶೇಕಡಾ ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಕಡಲ ಗಾಳಿಯಲ್ಲಿ ಬಂದ ಉಪ್ಪು ಮರದ ಮೇಲೆ, ಸಿಮೆಂಟಿನ ಹಿಂದೆ ಕೂತಿದ್ದರೆ ಮಳೆಗಾಲವಿಡೀ ಆ ಜಾಗ ಒಣಗುವುದೇ ಇಲ್ಲ. ಉಪ್ಪಿನ ಜಾಡಿ ಮಳೆಗಾಲದಲ್ಲಿ ನೀರೊಡೆಯುವುದನ್ನು ನಮ್ಮ ಕರಾವಳಿಯ ಯಾವ ಅಡುಗೆಮನೆಯಲ್ಲೂ ಕಾಣಬಹುದು, ಇಲ್ಲೂ ಅದೇ. ಹಾಗಾಗಿ ಕಡಲಿನ ಕಡೆಯ ಮರವನ್ನೆಲ್ಲ ಸಿಹಿನೀರು ಮತ್ತು ಬ್ರಷ್‌ನಿಂದ ಎರಡು ಸಲ ತೊಳೆದು, ಒಣಗಿಸಿದ ಮೇಲೇ ಮುಂದಿನ ಕೆಲಸ.

ಒಡೆಯುವುದಕ್ಕೆ ಮುಂಚೆ ಆಸ್ಬೆಸ್ಟಾಸ್ ತಪಾಸಣೆ ಕಡ್ಡಾಯ. 10 ಲಕ್ಷ ಯೆನ್ ಅಥವಾ ಅದಕ್ಕೆ ಮೇಲ್ಪಟ್ಟ ದುರಸ್ತಿಗೆ ತಪಾಸಣೆಯ ಫಲಿತಾಂಶವನ್ನು ಅಧಿಕಾರಿಗಳಿಗೆ ಸಲ್ಲಿಸುವ ನಿಯಮ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 2023ರ ಅಕ್ಟೋಬರ್‌ನಿಂದ ಅರ್ಹತೆ ಪಡೆದವರೇ ನೋಡಬೇಕು. ಮಣ್ಣಿನ ಮನೆಯಲ್ಲಿ ಎಲ್ಲಿಯ ಆಸ್ಬೆಸ್ಟಾಸ್ ಎನ್ನಬೇಡಿ. ಒಲೆಯ ಹಿಂದೆ ಹೊಡೆದ ಬೂದುಬಣ್ಣದ ಹಲಗೆ, ಬಚ್ಚಲಿನ ಚಾವಣಿ, ಇವೆಲ್ಲ ಆಸ್ಬೆಸ್ಟಾಸ್ ಬಳಸುತ್ತಿದ್ದ ಕಾಲದವು.

ಇನ್ನೊಂದು ಕಾನೂನು. 2025ರ ಏಪ್ರಿಲ್‌ನಿಂದ ಎರಡಂತಸ್ತಿನ ಮರದ ಮನೆಯಲ್ಲಿ ಮುಖ್ಯ ಭಾಗವೊಂದರ ಅರ್ಧಕ್ಕಿಂತ ಹೆಚ್ಚನ್ನು ಬದಲಿಸುವುದಾದರೆ ಕಟ್ಟಡ ಪರವಾನಗಿ ಬೇಕು. ಇದು ಒಂದೇ ಅಂತಸ್ತು, 200 ಚದರ ಮೀಟರಿನ ಒಳಗೆ, ಹಾಗಾಗಿ ಆ ಕಟ್ಟು ಬರಲಿಲ್ಲ. ಇದೇ ದ್ವೀಪದ ಕಸಾಶಿಮಾ ಕೇರಿ 1985ರಿಂದ ರಾಷ್ಟ್ರೀಯ ಮಹತ್ವದ ಸಂರಕ್ಷಿತ ಪ್ರದೇಶ. ಅದರೊಳಗಿನ ಮನೆಯಾದರೆ ಹೊರಗಿನ ಒಂದು ಹಲಗೆ ಬದಲಿಸಲೂ ನಗರಾಡಳಿತವನ್ನು ಕೇಳಿಯೇ ಮುಟ್ಟಬೇಕು. ಈ ಮನೆ ಕೇರಿಯ ಹೊರಗಿದೆ.

ಮಾರ್ಚ್: ಮಾಡು

ಕಂಬಕ್ಕೆ ಜಾಕಿ ಇಡುವ ಮುಂಚೆ ಮಾಡಿನ ಭಾರ ಇಳಿಸಬೇಕು. ಈ ಕ್ರಮ ತಿರುಗಿಸಿದರೆ ಗೋಡೆ ಒಡೆಯುತ್ತದೆ.

ಸೂರೂ ಸೇರಿ, ಹತ್ತಕ್ಕೆ ಐದರ ಇಳಿಜಾರಿನಲ್ಲಿ ಮಾಡು 132 ಚದರ ಮೀಟರ್. ಹಳೆಯ ಹಂಚು ಹಸಿಮಣ್ಣಿನ ಹಾಸಿನ ಮೇಲೆ ಕೂರಿಸಿದ್ದು. ಮಣ್ಣು ಕಾಲಕ್ರಮೇಣ ಪುಡಿಯಾಗಿ ಹಿಡಿತ ಬಿಡುತ್ತದೆ, ಆಮೇಲೆ ಹಂಚು ತನ್ನ ತೂಕದಿಂದಷ್ಟೇ ಕೂತಿರುತ್ತದೆ, ಟೈಫೂನಿಗೆ ಹಾರುತ್ತದೆ. ಹಂಚು ತೆಗೆದು ಇಳಿಸಿದ ಮಣ್ಣು ಸುಮಾರು 5 ಟನ್. ಅದನ್ನು ಎಸೆಯಬಾರದು. ಜರಡಿ ಹಿಡಿದು, ಹಂಚಿನ ಚೂರು ಬೇರ್ಪಡಿಸಿ, ಅಂಗಳದಲ್ಲಿ ಹಲಗೆಯ ತೊಟ್ಟಿ ಕಟ್ಟಿ ತುಂಬಿಸಿದರೆ ಬೇಸಿಗೆಯ ಗೋಡೆ ಕೆಲಸಕ್ಕೆ ಅದೇ ಆಗುತ್ತದೆ. ಅದಕ್ಕೆ ಹೊಸ ಜೇಡಿಮಣ್ಣು ಅರ್ಧದಷ್ಟು, 100 ಲೀಟರಿಗೆ ಅರ್ಧ ಕಿಲೋ ಮೇಲ್ಪಟ್ಟು ಕತ್ತರಿಸಿದ ಭತ್ತದ ಹುಲ್ಲು ಹಾಕಿ, ನೀರು ನಿಲ್ಲಿಸಿ, ವಾರಕ್ಕೊಮ್ಮೆ ತುಳಿದು ನಾಲ್ಕು ತಿಂಗಳು ಕೊಳೆಯಲು ಬಿಟ್ಟದ್ದು. ಹುಲ್ಲು ಕೊಳೆತಷ್ಟೂ ಮಣ್ಣು ಜಿಗುಟಾಗುತ್ತದೆ. ನಾತ ಬರುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಬೇಕು.

ಹೊಸ ಹಂಚು ಎಹಿಮೆ ಪ್ರಾಂತ್ಯದ ಕಿಕುಮಾದ್ದು. ಬೆಳ್ಳಿ ಮಸಿ ಬಣ್ಣದ ಇಬುಶಿ ಹಂಚು ಅಲ್ಲಿ ಇವತ್ತಿಗೂ ಸುಡುತ್ತಾರೆ. ಚದರ ಮೀಟರಿಗೆ 16, ಒಟ್ಟು 2,112. ಒಡೆಯುವುದಕ್ಕೂ ಕತ್ತರಿಸುವುದಕ್ಕೂ ಸೇರಿಸಿ 2,200 ತರಿಸಬೇಕು. ದ್ವೀಪದಲ್ಲಿ ಹತ್ತು ಹಂಚು ಕಡಿಮೆಯಾದರೂ ಇನ್ನೊಂದು ಫೆರಿ, ಇನ್ನೊಂದು ದಿನ. ಹೊಸ ಹಂಚಿನ ಹಿಂದೆ ಕೊಕ್ಕೆಯಿದ್ದು ರೀಪಿಗೆ ಸಿಕ್ಕಿಸುವುದು, ಮಂಗಳೂರು ಹಂಚಿನಂತೆಯೇ. ಆದರೆ ಇಲ್ಲಿ ಸಿಕ್ಕಿಸಿ ಬಿಟ್ಟರೆ ಸಾಲದು. 2022ರ ಜನವರಿಯಿಂದ ಹೊಸ ಕಟ್ಟಡಗಳಲ್ಲಿ ಪ್ರತಿ ಹಂಚನ್ನೂ ಬಿಗಿಯುವುದು ಕಡ್ಡಾಯವಾಗಿದೆ. ದುರಸ್ತಿಗೂ ಅದೇ ಪದ್ಧತಿ ಹಿಡಿದು ಒಂದೊಂದಕ್ಕೂ ಸ್ಟೇನ್‌ಲೆಸ್ ತಿರುಪು ಹಾಕಿದ್ದು. ಹಂಚಿನಡಿಯ ಡಾಂಬರು ಹಾಳೆ ಮೇಲೆ ಕೆಳಗೆ 100 ಮಿ.ಮೀ., ಅಕ್ಕಪಕ್ಕ 200 ಮಿ.ಮೀ. ಒಂದರ ಮೇಲೊಂದು ಬರಬೇಕು. ರೀಪನ್ನು ನೇರ ಹಾಳೆಯ ಮೇಲೆ ಹೊಡೆದರೆ ಒಳಬಂದ ನೀರು ರೀಪಿಗೆ ತಡೆದು ನಿಲ್ಲುತ್ತದೆ. ಹಾಗಾಗಿ ಮೊದಲು ಇಳಿಜಾರಿನ ಉದ್ದಕ್ಕೆ ತೆಳ್ಳಗಿನ ಪಟ್ಟಿ, ಅದರ ಮೇಲೆ ಅಡ್ಡಕ್ಕೆ ರೀಪು.

ಹಳೆಯ ಮನೆಗಳ ಮಾಡು ಸೋರುವುದು ಹೆಚ್ಚಾಗಿ ಎರಡು ಇಳಿಜಾರು ಕೂಡುವ ತಗ್ಗಿನಲ್ಲಿ. ಅಲ್ಲಿ ತಾಮ್ರದ ತಗಡು ಹಾಸಿರುತ್ತಾರೆ. ಹಂಚಿನ ತುದಿಯಿಂದ ವರ್ಷಗಟ್ಟಲೆ ಅದೇ ಜಾಗಕ್ಕೆ ಹನಿ ಬಿದ್ದು ಸೂಜಿತೂತು ಬೀಳುತ್ತದೆ, ಕೆಳಗಿನಿಂದ ಬೆಳಕಿಗೆ ಹಿಡಿದರೆ ಸಾಲಾಗಿ ನಕ್ಷತ್ರದಂತೆ ಕಾಣುತ್ತದೆ. ತೇಪೆ ಹಾಕಬೇಡಿ. ತಗಡನ್ನೇ ತೆಗೆದು ಬಣ್ಣ ಲೇಪಿಸಿದ 0.4 ಮಿ.ಮೀ. ಸ್ಟೇನ್‌ಲೆಸ್ ಹಾಕಿ. ಕಡಲಿಗೆ ಇಷ್ಟು ಹತ್ತಿರ ಬರಿಯ ಸತುವು ಲೇಪಿಸಿದ ತಗಡು ಬಾಳುವುದಿಲ್ಲ.

ಮಾಡನ್ನು ಒಮ್ಮೆಗೇ ಪೂರ್ತಿ ತೆರೆಯದೆ ಒಂದೊಂದೇ ಇಳಿಜಾರು ಮುಗಿಸಿದ್ದು. ಮುಚ್ಚಲು ದಪ್ಪ ಟಾರ್ಪಾಲೇ ಬೇಕು, ತೆಳು ನೀಲಿ ಹಾಳೆ ಕಡಲಗಾಳಿಗೆ ಚಿಂದಿಯಾಗುತ್ತದೆ.

ಏಪ್ರಿಲ್, ಮೇ: ಕಂಬದ ಬುಡ

ಶಿವಾಕು ದ್ವೀಪಗಳವರು ಹಿಂದೆ ಹಡಗಿನವರು. 1860ರಲ್ಲಿ ಪೆಸಿಫಿಕ್ ದಾಟಿದ ಕಾನ್ರಿನ್‌ಮಾರು ಹಡಗಿನ 50 ನಾವಿಕರಲ್ಲಿ 35 ಮಂದಿ ಇಲ್ಲಿಯವರು. ಹಡಗು ಕಟ್ಟುತ್ತಿದ್ದ ಕೈಗಳೇ ಮುಂದೆ ಮನೆ, ದೇವಾಲಯ ಕಟ್ಟಿದವು. ಶಿವಾಕು ಬಡಗಿಗಳ ಹೆಸರು ಸೆತೊ ತೀರದಲ್ಲೆಲ್ಲ ಇದೆ. ಅವರು ಬಿಟ್ಟುಹೋದ ಕಂಬವನ್ನು ಕಬ್ಬಿಣದ ಪಟ್ಟಿಯಿಂದ ಕಟ್ಟಿ ಸಾಗಹಾಕುವುದು ಸರಿಯಲ್ಲ, ಅದು ಬಾಳಿಕೆಯೂ ಬರುವುದಿಲ್ಲ. ಕೊಳೆತ ಬುಡವನ್ನಷ್ಟೇ ಕತ್ತರಿಸಿ ಹೊಸ ಮರ ಕೂಡಿಸುವ ನೆತ್ಸುಗಿ ಕ್ರಮವೇ ಸರಿ.

ಮೊದಲು ಎತ್ತುವುದು. 10 ಟನ್ನಿನ ಎಣ್ಣೆ ಜಾಕಿ ಎರಡು. ನೆಲ ಮೆದುವಾದ್ದರಿಂದ ಜಾಕಿಯ ಅಡಿಗೆ ಮರದ ದಿಮ್ಮಿಗಳನ್ನು ಅಡ್ಡತಿಡ್ಡ ಪೇರಿಸಿ ಮೇಲೆ ದಪ್ಪ ಕಬ್ಬಿಣದ ತಟ್ಟೆ. ಒಂದೇ ಕಂಬವನ್ನು ಎತ್ತುವುದಲ್ಲ, ಪಕ್ಕದ ಎರಡು ಕಂಬಕ್ಕೂ ತಾಗುವಂತೆ ತೊಲೆಯಡಿಗೆ ಅಡ್ಡಮರ ಕೊಟ್ಟು ಅದನ್ನು ಎತ್ತಬೇಕು. ಒಂದು ಸಲಕ್ಕೆ 3 ಮಿ.ಮೀ. ಮಾತ್ರ. ಆಮೇಲೆ ಅರ್ಧ ಗಂಟೆ ಸುಮ್ಮನಿದ್ದು ಮನೆಯ ಸದ್ದು ಕೇಳಬೇಕು. ಕಿರ್ರೆಂದರೆ ಮರ ಜಾಗ ಹುಡುಕುತ್ತಿದೆ, ತೊಂದರೆಯಿಲ್ಲ. ಫಟ್ ಎಂದು ಒಡೆದ ಸದ್ದಾದರೆ ನಿಲ್ಲಿಸಿ, ಯಾವುದೋ ಮೊಳೆಯೋ ತಂತಿಯೋ ಹಿಂದಿನವರು ಬಿಗಿದದ್ದು ಹಿಡಿದಿರುತ್ತದೆ, ಅದನ್ನು ಬಿಡಿಸಿ. 38 ಮಿ.ಮೀ. ಎತ್ತಲು ಐದು ದಿನ ಹಿಡಿಯಿತು. ಅವಸರ ಮಾಡಿದರೆ ಮಣ್ಣುಗೋಡೆಯ ಮೂಲೆಗಳು ಕಳಚಿಬರುತ್ತವೆ.

ಕತ್ತರಿಸುವುದು ಕಣ್ಣಿಗೆ ಕಾಣುವ ಕೊಳೆತಕ್ಕಿಂತ 100 ಮಿ.ಮೀ. ಮೇಲೆ. ಕೂಡಿಸಲು ಕನವಾತ್ಸುಗಿ ಎಂಬ ಕಚ್ಚು. 120 ಮಿ.ಮೀ. ಕಂಬಕ್ಕೆ ಅದರ ಉದ್ದ 360 ಮಿ.ಮೀ. ಮೇಲಿನ ತುಂಡು, ಕೆಳಗಿನ ತುಂಡು ಎರಡಕ್ಕೂ ಒಂದೇ ಆಕಾರ, ಒಂದರ ಕೊಕ್ಕೆ ಇನ್ನೊಂದರಲ್ಲಿ ಕೂರುತ್ತದೆ, ನಡುವಿನ ಚೌಕ ತೂತಿಗೆ ಗಟ್ಟಿ ಓಕ್ ಮರದ ಬೆಣೆ ಬಡಿದರೆ ಎರಡೂ ಬಿಗಿದುಕೊಳ್ಳುತ್ತವೆ. ಈ ಕಚ್ಚಿನ ಗುಣವೆಂದರೆ ಹೊಸ ತುಂಡನ್ನು ಪಕ್ಕದಿಂದಲೇ ಸೇರಿಸಬಹುದು. ಕೆಳಗೆ ಕಲ್ಲು, ಮೇಲೆ ಮನೆ ಇರುವಾಗ ಬೇರೆ ದಾರಿಯೂ ಇಲ್ಲ. ಹೊಸ ಮರ ಹಿನೋಕಿಯ (ಜಪಾನಿನ ಸೈಪ್ರೆಸ್) ತಿರುಳು, ತೇವ 18ರ ಒಳಗೆ ಒಣಗಿದ್ದು. ಹಸಿಮರ ಹಾಕಿದರೆ ಒಣಗುತ್ತಾ ಕುಗ್ಗಿ ಬೆಣೆ ಸಡಿಲವಾಗುತ್ತದೆ.

ಇನ್ನು ಕಲ್ಲಿನ ಮೇಲೆ ಕೂರಿಸುವ ಕೆಲಸ, ಹಿಕಾರಿತ್ಸುಕೆ. ಕಲ್ಲು ನದಿಯ ಗುಂಡುಕಲ್ಲಿನಂತೆ ಏರುತಗ್ಗು. ಅದನ್ನು ಚಪ್ಪಟೆ ಮಾಡುವುದಿಲ್ಲ, ಮರವನ್ನೇ ಕಲ್ಲಿಗೆ ಹೊಂದಿಸುತ್ತಾರೆ. ಹೊಸ ತುಂಡನ್ನು ತೂಕಗುಂಡು ಹಿಡಿದು ನೇರ ನಿಲ್ಲಿಸಿ, ಕಲ್ಲಿಗಿಂತ 10 ಮಿ.ಮೀ. ಮೇಲೆ ಬೆಣೆಗಳಿಂದ ತೂಗಿಬಿಡಬೇಕು. ಅತಿ ಹೆಚ್ಚು ಸಂದು ಎಲ್ಲಿದೆಯೋ ಅಷ್ಟಕ್ಕೆ ಕೈವಾರ ತೆರೆದು, ಒಂದು ಕಾಲು ಕಲ್ಲಿನ ಮೇಲೆ ಜಾರಿಸುತ್ತಾ ಇನ್ನೊಂದು ಕಾಲಿನಿಂದ ಮರದ ನಾಲ್ಕೂ ಮುಖಕ್ಕೆ ಗೆರೆ ಎಳೆಯಬೇಕು. ಕೈವಾರವನ್ನು ಒಂದಿಷ್ಟೂ ವಾಲಿಸದೆ ನೆಟ್ಟಗೆ ಹಿಡಿಯಬೇಕು, ವಾಲಿದರೆ ಗೆರೆ ಸುಳ್ಳಾಗುತ್ತದೆ. ಗೆರೆಯವರೆಗೆ ಉಳಿಯಲ್ಲಿ ಕೆತ್ತಿ, ನಡುಭಾಗವನ್ನು ಇನ್ನೊಂದು 3 ಮಿ.ಮೀ. ಗುಳಿ ಮಾಡಿದರೆ ಭಾರ ಅಂಚಿನ ಮೇಲೆ ಸಮನಾಗಿ ಕೂರುತ್ತದೆ. ಆಮೇಲೆ ಕಲ್ಲಿಗೆ ಇದ್ದಿಲ ಪುಡಿ ಉಜ್ಜಿ ಕಂಬವನ್ನು ಇಳಿಸಿ, ಎತ್ತಿ, ತಳ ನೋಡುವುದು. ಕಪ್ಪು ಹತ್ತಿದ ಜಾಗ ಮಾತ್ರ ಕಲ್ಲಿಗೆ ತಾಗಿದೆ. ಅದನ್ನು ಸ್ವಲ್ಪ ಕೆತ್ತಿ ಮತ್ತೆ ಇಳಿಸುವುದು. ಐದಾರು ಸಲ ಹೀಗೆ ಮಾಡಿದ ಮೇಲೆ ಅಂಚಿನ ಸುತ್ತ ಕಪ್ಪು ಉಂಗುರ ಬರುತ್ತದೆ. ಆಗ ಕೆಲಸ ಮುಗಿಯಿತು. ಒಂದು ಕಂಬಕ್ಕೆ ಎರಡು ದಿನ, ಆರಕ್ಕೆ ಹನ್ನೆರಡು.

ಕಲ್ಲಿನ ಮೇಲೆ ನಿಂತ ಮನೆಯ ಬುಡಗಳನ್ನು ಒಂದಕ್ಕೊಂದು ಕಟ್ಟುವ ಅಶಿಗತಮೆ ಎಂಬ ಅಡ್ಡತೊಲೆ ಕೆಲವು ಕಡೆ ಹುಳು ತಿಂದು ಹೋಗಿತ್ತು. ಅದನ್ನು 120ಕ್ಕೆ 150 ಮಿ.ಮೀ. ಹಿನೋಕಿಯಲ್ಲಿ ಪೂರ್ತಿ ಸುತ್ತ ಹಾಕಿದ್ದು. ಭೂಕಂಪದ ಲೆಕ್ಕವನ್ನು ಮಾತ್ರ ಸಾಂಪ್ರದಾಯಿಕ ಮನೆ ಬಲ್ಲ ವಾಸ್ತುಶಿಲ್ಪಿಯಿಂದಲೇ ಮಾಡಿಸಬೇಕು. 1981ರ ಜೂನ್ ಹೊಸ ನಿಯಮ, 2000ದ ತಿದ್ದುಪಡಿ ಎರಡೂ ಕಾಂಕ್ರೀಟ್ ಅಡಿಪಾಯಕ್ಕೆ ಬಿಗಿದ ಮನೆಯನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದವು. ಅಲ್ಲೊಂದು ಇಲ್ಲೊಂದು ಮೂಲೆಗೆ ಲೋಹದ ಪಟ್ಟಿ ಬಿಗಿದರೆ ಉಳಿದ ಮನೆ ಬಳುಕಿ ಆ ಒಂದು ಮೂಲೆ ಸೀಳುತ್ತದೆ.

ಜೂನ್, ಜುಲೈ: ನೆಲ ಮತ್ತು ಗೆದ್ದಲು

ಇಲ್ಲಿ ಎರಡು ಜಾತಿಯ ಗೆದ್ದಲು. ಯಮಾತೊ ಗೆದ್ದಲಿಗೆ ಒದ್ದೆ ಮರವೇ ಬೇಕು. ಏಪ್ರಿಲ್–ಮೇನಲ್ಲಿ ಹಗಲು ಹೊತ್ತು ರೆಕ್ಕೆಹುಳು ಏಳುತ್ತದೆ. ಇನ್ನೊಂದು ಇಎ ಗೆದ್ದಲು, ಬೆಚ್ಚನೆಯ ಕರಾವಳಿಯದು. ಜೂನ್–ಜುಲೈ ಸಂಜೆ ದೀಪಕ್ಕೆ ಮುತ್ತುತ್ತದೆ. ಇದು ನೀರನ್ನು ತಾನೇ ಹೊತ್ತು ತರುತ್ತದೆ, ಒಣ ತೊಲೆಯನ್ನೂ ಮಾಡಿನವರೆಗೆ ತಿನ್ನುತ್ತದೆ. ಯಾವ ಹೊತ್ತಿನಲ್ಲಿ ರೆಕ್ಕೆಹುಳು ಎದ್ದಿತು ಎಂದು ನೆರೆಯವರನ್ನು ಕೇಳಿದರೆ ಅರ್ಧ ರೋಗ ಗೊತ್ತಾಗುತ್ತದೆ. ಇಲ್ಲಿ ಸಿಕ್ಕಿದ್ದು ಯಮಾತೊ, ಒದ್ದೆ ಮೂಲೆಯಲ್ಲಿ ಮಾತ್ರ. ಪರವಾನಗಿ ಇರುವವರಿಂದ ಔಷಧ ಹೊಡೆಸಿ ಐದು ವರ್ಷದ ಖಾತರಿ ಪತ್ರ ಪಡೆದದ್ದು. ಒಳಗಿನ ಒಣ ಮರಕ್ಕೆ ಬೋರೇಟ್ ದ್ರಾವಣವನ್ನೂ ಬಳಿಯಬಹುದು, ಆದರೆ ಮಳೆ ತಾಗುವಲ್ಲಿ ಅದು ತೊಳೆದುಹೋಗುತ್ತದೆ.

ಹೊರಗಿನ ಕಾಂಕ್ರೀಟ್ ಹಾಸನ್ನು ಗೋಡೆಯಿಂದ 400 ಮಿ.ಮೀ. ಅಗಲ ಕತ್ತರಿಸಿ ತೆಗೆದು ಜಲ್ಲಿ ತುಂಬಿಸಿದ್ದು. ಇದೊಂದೇ ಕೆಲಸಕ್ಕೆ ಮೂರು ವಾರದಲ್ಲಿ ನೆಲದಡಿಯ ವಾಸನೆ ಬದಲಾಯಿತು. ನೆಲದಡಿಯಲ್ಲಿ 0.1 ಮಿ.ಮೀ. ಪಾಲಿಥೀನ್ ಹಾಳೆ, ಮೇಲೆ 50 ಮಿ.ಮೀ. ಮರಳು. ಕಾಂಕ್ರೀಟ್ ಹಾಕಲಿಲ್ಲ, ಕಲ್ಲಿನ ಮೇಲಿನ ಕಂಬಗಳ ಸುತ್ತ ಕಾಂಕ್ರೀಟ್ ತಂದು ನಿಲ್ಲಿಸಿದರೆ ನೀರು ಕಂಬದ ಬುಡದಲ್ಲೇ ಕೂರುತ್ತದೆ. ಮೇಲೆ 90 ಮಿ.ಮೀ. ಚೌಕದ ತೊಲೆ 910ರ ಅಂತರದಲ್ಲಿ, ನಡುವೆ 50 ಮಿ.ಮೀ. ಗಟ್ಟಿ ಫೋಮ್ ಹಲಗೆ. ಮಳೆಗಾಲ ತ್ಸುಯುವಿನಲ್ಲಿ ನೆಲದ ಹಲಗೆ ಹಾಕಬೇಡಿ. ತೇವದಲ್ಲಿ ಉಬ್ಬಿದ ಹಲಗೆ ಚಳಿಗಾಲದಲ್ಲಿ ಕುಗ್ಗಿ ನಡುವೆ ನಾಣ್ಯ ಬೀಳುವಷ್ಟು ಸಂದಾಗುತ್ತದೆ.

ಆಗಸ್ಟ್, ಸೆಪ್ಟೆಂಬರ್: ಗೋಡೆ

ಸಿಮೆಂಟ್ ಗಿಲಾವು ಕಿತ್ತಾಗ ಹಿಂದಿನ ಬಿದಿರು ಕೈಯಲ್ಲೇ ಪುಡಿಯಾಯಿತು. ಹೊಸ ದಬ್ಬೆ ಹಿಂದಿನ ಚಳಿಗಾಲವೇ ಕಡಿದಿಟ್ಟ ಬಿದಿರಿನದು. ಬೇಸಿಗೆಯಲ್ಲಿ ಕಡಿದ ಬಿದಿರಿಗೆ ಹುಳು ಹಿಡಿಯುವುದು ಖಂಡಿತ. 20 ಮಿ.ಮೀ. ಅಗಲಕ್ಕೆ ಸೀಳಿ, ಬೆರಳೆರಡು ಹೋಗುವಷ್ಟು ಸಂದು ಬಿಟ್ಟು, ಹುಲ್ಲಿನ ಹಗ್ಗದಲ್ಲಿ ಕಟ್ಟಿದ್ದು. ಕೊಳೆತ ಮಣ್ಣನ್ನು ಒಂದು ಕಡೆಯಿಂದ ಒತ್ತಿದರೆ ಹಿಂದೆ ಮುದ್ದೆಮುದ್ದೆಯಾಗಿ ಹೊರಬರಬೇಕು, ಅದೇ ಹಿಡಿತ. ಹಿಂಬದಿ ಬಳಿದು, ಪೂರ್ತಿ ಒಣಗಿ, ಬೆರಳು ಹೋಗುವಷ್ಟು ಬಿರುಕು ಬಿಟ್ಟರೂ ಹೆದರಬೇಕಿಲ್ಲ, ಬಿರುಕು ಬಿಡಬೇಕಾದದ್ದು ಈ ಪದರದಲ್ಲೇ. ಒಂದು ತಿಂಗಳ ಮೇಲೆ ಮರಳು ಬೆರೆಸಿದ ನಡುವಿನ ಪದರ. ಮರಳು ತೊಳೆದದ್ದೇ ಆಗಬೇಕು, ಕಡಲ ಮರಳು ಹಾಕಿದರೆ ಉಪ್ಪು ಹೊರಬಂದು ಸುಣ್ಣವನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಎರಡೂ ಕಡೆ ಸೇರಿ ಗೋಡೆಯ ದಪ್ಪ 70 ಮಿ.ಮೀ. ದಾಟಿಸಿದ್ದು. ಎರಡೂ ಬದಿಗೆ ನಡುಪದರ ಬಳಿದು ಈ ದಪ್ಪ ಬಂದ ಮಣ್ಣುಗೋಡೆಗೆ ನಿಯಮದಲ್ಲಿ ಗೋಡೆಯ ಬಲ ಲೆಕ್ಕಹಾಕುವ ಗುಣಕ 1.5 ಸಿಗುತ್ತದೆ, 55 ಮಿ.ಮೀ. ಆದರೆ 1.0 ಅಷ್ಟೇ.

ಕೊನೆಗೆ ಶಿಕ್ಕುಯಿ. ಸುಣ್ಣ, ಕಡಲಪಾಚಿ ಬೇಯಿಸಿದ ಅಂಟು, ಸೆಣಬಿನಂಥ ನಾರು ಮೂರೇ. ಒಟ್ಟು ದಪ್ಪ 2–3 ಮಿ.ಮೀ. ಪಾಚಿಯ ಅಂಟು ನೀರನ್ನು ಹಿಡಿದಿಡುವುದರಿಂದ ಕರಣೆ ಎಳೆಯಲು ಹೊತ್ತು ಸಿಗುತ್ತದೆ. ಬಿರುಗಾಳಿಯ ದಿನ ಬಳಿದರೆ ಮೇಲ್ಮೈ ಮೊದಲು ಒಣಗಿ ಜೇಡರಬಲೆಯಂತೆ ಬಿರುಕು. ಚಳಿ 5 ಡಿಗ್ರಿಗಿಂತ ಕೆಳಗಿದ್ದರೂ ಬೇಡ.

ಅಕ್ಟೋಬರ್: ಸುಟ್ಟ ಹಲಗೆ

ಕಡಲಿನ ಕಡೆಯ ಗೋಡೆಗೆ ಯಾಕಿಸುಗಿ, ಅಂದರೆ ಸುಟ್ಟ ಸುಗಿ (ಜಪಾನಿನ ಸೀಡರ್) ಹಲಗೆ. ಹಲಗೆಯನ್ನು ಸುಟ್ಟು ಇದ್ದಿಲಿನ ಪದರ ಮಾಡಿದರೆ ಬಿಸಿಲು, ನೀರು, ಹುಳು ಮೂರಕ್ಕೂ ತಡೆ. ಬೇಕಾದದ್ದು 90 ಹಲಗೆ, 1,820 ಉದ್ದ, 180 ಅಗಲ, 15 ದಪ್ಪ, ಎಲ್ಲವೂ ಮಿ.ಮೀ. ಮೂರು ಹಲಗೆಯನ್ನು ತ್ರಿಕೋನ ಕೊಳವೆಯಂತೆ ತಂತಿಯಲ್ಲಿ ಎರಡು ಕಡೆ ಕಟ್ಟಿ, ಕೆಳತುದಿಗೆ ಪತ್ರಿಕೆ ತುರುಕಿ ಬೆಂಕಿ ಹಚ್ಚಿ ನೆಟ್ಟಗೆ ನಿಲ್ಲಿಸಬೇಕು. ಹೊಗೆಗೂಡಿನಂತೆ ಗಾಳಿ ಎಳೆದು ಅರೆ ನಿಮಿಷದಲ್ಲಿ ಮೇಲಿನಿಂದ ಜ್ವಾಲೆ ಗುಂಯ್ ಎಂದು ಹೊರಡುತ್ತದೆ. ಮೂರು ನಿಮಿಷದ ಆಸುಪಾಸಿನಲ್ಲಿ ಹಲಗೆಯ ಸಂದಿಯಲ್ಲಿ ಕೆಂಪು ಇಣುಕಿದಾಗ ತಲೆಕೆಳಗು ಮಾಡಿ ಕೆಲವೇ ಕ್ಷಣ, ಆಮೇಲೆ ನೆಲಕ್ಕೆ ಮಲಗಿಸಿ ತಂತಿ ಬಿಚ್ಚಿ ನೀರು. ಇದ್ದಿಲ ದಪ್ಪ 3 ಮಿ.ಮೀ. ಬಂದಿರಬೇಕು. ನೀರು ಕಡಿಮೆಯಾದರೆ ಹಲಗೆ ಒಳಗೊಳಗೇ ಉರಿಯುತ್ತದೆ, ಒಂದು ಗಂಟೆಯ ಮೇಲೂ ಮುಟ್ಟಿ ನೋಡಬೇಕು. ಗಾಳಿಯಿಲ್ಲದ ಬೆಳಿಗ್ಗೆ, ಊರವರಿಗೂ ಅಗ್ನಿಶಾಮಕದವರಿಗೂ ತಿಳಿಸಿ ಮಾಡುವ ಕೆಲಸ.

ಹಲಗೆಯನ್ನು ನೇರ ಗೋಡೆಗೆ ಹೊಡೆಯದೆ 18 ಮಿ.ಮೀ. ಪಟ್ಟಿಯ ಮೇಲೆ ಹೊಡೆದರೆ ಹಿಂದೆ ಗಾಳಿ ಆಡುತ್ತದೆ. ಮೊಳೆ ಸ್ಟೇನ್‌ಲೆಸ್ ಮಾತ್ರ. ಕಬ್ಬಿಣದ ಮೊಳೆ ತುಕ್ಕಾಗಿ ತಲೆ ಕಳಚುತ್ತದೆ.

ನವೆಂಬರ್: ನೀರು, ಪಾಯಿಖಾನೆ, ಕರೆಂಟು

ಗುಂಡಿ ಪಾಯಿಖಾನೆಯ ಬದಲು ಜೋಕಾಸೋ ಎಂಬ ಮನೆಮಟ್ಟದ ಶುದ್ಧೀಕರಣ ತೊಟ್ಟಿ. 130 ಚದರ ಮೀಟರಿನವರೆಗಿನ ಮನೆಗೆ ಐದು ಜನರ ಅಳತೆ. ಪಾಯಿಖಾನೆ ನೀರಿಗೆ ಮಾತ್ರ ಇರುವ ಹಳೆಯ ಬಗೆಯನ್ನು 2001ರಿಂದ ಹೊಸದಾಗಿ ಹಾಕುವಂತಿಲ್ಲ, ಅಡುಗೆ, ಸ್ನಾನದ ನೀರೂ ಸೇರಬೇಕು. ನಗರಾಡಳಿತದ ಸಹಾಯಧನಕ್ಕೆ ಅಗೆಯುವ ಮುಂಚೆಯೇ ಅರ್ಜಿ. ಕಡಲ ಪಕ್ಕ ನೆಲದ ನೀರು ಮೇಲೆ ಇರುತ್ತದೆ. ತೊಟ್ಟಿಯನ್ನು ಗುಂಡಿಗೆ ಇಳಿಸಿದ ಕೂಡಲೇ ನೀರು ತುಂಬಿಸದಿದ್ದರೆ ರಾತ್ರಿ ಭರತಕ್ಕೆ ದೋಣಿಯಂತೆ ತೇಲಿ ಮೇಲೇಳುತ್ತದೆ.

ತೊಟ್ಟಿಯಡಿಯ ಕಾಂಕ್ರೀಟ್ 0.6 ಘನ ಮೀಟರ್. ಜಪಾನಿನ ಮಾನದಂಡದಲ್ಲಿ ರೆಡಿಮಿಕ್ಸ್ ಕಲಸಿದ ಒಂದೂವರೆ ಗಂಟೆಯೊಳಗೆ ಸ್ಥಳಕ್ಕೆ ತಲುಪಿಸಬೇಕು, ಫೆರಿ ಕಾಯುವುದರಲ್ಲೇ ಅದು ಮುಗಿಯುತ್ತದೆ. 25 ಕಿಲೋದ ಎಂಟು ಚೀಲ ಸಿಮೆಂಟ್ ಅಲ್ಲೇ ಕಲಸಿದ್ದು. ಕೊನೆಯ 60 ಮೀಟರ್ ಓಣಿಗೆ ಗಾಡಿ ಬರುವುದಿಲ್ಲ, ಎಲ್ಲವೂ ಒಂಟಿಚಕ್ರದ ಕೈಗಾಡಿಯಲ್ಲಿ.

ಬಾವಿಯನ್ನು ಮುಚ್ಚಬೇಡಿ. 2018ರ ಅಕ್ಟೋಬರ್ 22ರಂದು ಸುಓ-ಓಶಿಮಾ ದ್ವೀಪದ ಸೇತುವೆಗೆ ಸರಕು ಹಡಗೊಂದು ಗುದ್ದಿ ನೀರಿನ ಕೊಳವೆ ತುಂಡಾಯಿತು. ಬಹುತೇಕ ಇಡೀ ದ್ವೀಪ ಸುಮಾರು 40 ದಿನ ನಲ್ಲಿನೀರಿಲ್ಲದೆ ಕಳೆಯಿತು. ಬಾವಿಯ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 200 ಮಿ.ಗ್ರಾಂ. ಮೀರಿದರೆ ಕುಡಿಯಲು ಬಾರದು, ತೊಳೆಯಲು, ತೋಟಕ್ಕೆ ಸಾಕು. ಬಾವಿಯ ಪೈಪನ್ನು ನಲ್ಲಿಯ ಪೈಪಿಗೆ ವಾಲ್ವ್ ಇಟ್ಟಾದರೂ ಸೇರಿಸುವುದು ಕಾನೂನಿಗೆ ವಿರುದ್ಧ, ಎರಡೂ ಬೇರೆಬೇರೆಯೇ ಇರಬೇಕು.

ವೈರಿಂಗ್ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ. ಬಟ್ಟೆ ಸುತ್ತಿದ ಹಳೆಯ ತಂತಿ, ಪಿಂಗಾಣಿ ಗುಬ್ಬಿ ಪೂರ್ತಿ ತೆಗೆದು ಹೊಸದು. ಎಸಿಯ ಹೊರಘಟಕ ಕಡಲಂಚಿನ ಉಪ್ಪು ತಡೆಯುವ ದರ್ಜೆಯದ್ದೇ ಆಗಲಿ, ಅದರ ಮೇಲೆ ಮಳೆ ಬೀಳುವಂತೆ ಇಡಿ. ಸೂರಿನಡಿ ಬಚ್ಚಿಟ್ಟರೆ ಉಪ್ಪು ತೊಳೆದುಹೋಗುವುದಿಲ್ಲ.

ಕೊಳ್ಳುವವರ ಕೈಗೆ ಕೊಡುವ ಕಡತ

ಮುಚ್ಚಿಹೋಗುವ ಪ್ರತಿ ಕೆಲಸದ ಫೋಟೊ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದದ್ದು. ಗೆದ್ದಲಿನ ಖಾತರಿ ಪತ್ರ, ಜೋಕಾಸೋ ತಪಾಸಣೆ ದಾಖಲೆ, ಬಾವಿ ನೀರಿನ ಪರೀಕ್ಷೆ, ಆಸ್ಬೆಸ್ಟಾಸ್ ವರದಿ. ಗಡಿಗುರುತು, ಪಿತ್ರಾರ್ಜಿತ ನೋಂದಣಿ ಆಗಿದೆಯೇ ಎಂಬುದನ್ನು ಮೊದಲೇ ನೋಡಬೇಕು, 2024ರ ಏಪ್ರಿಲ್‌ನಿಂದ ಆ ನೋಂದಣಿ ಕಡ್ಡಾಯ. ಮಾರುವವರು ಪರವಾನಗಿ ಪಡೆದ ವ್ಯಾಪಾರಿಯಾಗಿದ್ದರೆ ಕೈಗೊಪ್ಪಿಸಿದ ದಿನದಿಂದ ಕನಿಷ್ಠ ಎರಡು ವರ್ಷ ದೋಷದ ಹೊಣೆ ಅವರದು. ಖಾಸಗಿ ವ್ಯಕ್ತಿ ಆ ಹೊಣೆಯನ್ನು ಒಪ್ಪಂದದಲ್ಲಿ ಕೈಬಿಡಬಹುದು, ಸಹಿ ಹಾಕುವ ಮುಂಚೆ ಆ ಸಾಲು ಓದಿ. ಪ್ರವಾಹದ ನಕ್ಷೆಯಲ್ಲಿ ಮನೆ ಎಲ್ಲಿದೆ ಎಂದು ತೋರಿಸುವುದು 2020ರ ಆಗಸ್ಟ್‌ನಿಂದ ದಲ್ಲಾಳಿಯ ಕರ್ತವ್ಯ. 2004ರ ಆಗಸ್ಟ್ 30ರ ರಾತ್ರಿ ಟೈಫೂನಿನೊಂದಿಗೆ ಭರತ ಸೇರಿ ಇದೇ ಪ್ರಾಂತ್ಯದ ತಕಮತ್ಸು ನಗರದೊಳಗೇ ಕಡಲು ನುಗ್ಗಿತ್ತು. ವಿಮೆಯಲ್ಲೂ ಭೇದವಿದೆ. ಕಡಲುಬ್ಬರಕ್ಕೆ ಅಗ್ನಿವಿಮೆಯ ನೀರಿನ ಭಾಗ ಬೇಕು, ಸುನಾಮಿಗೆ ಭೂಕಂಪ ವಿಮೆಯೇ ಬೇಕು.

ಅಡುಗೆಮನೆ ನೆಲದಲ್ಲಿ 450ಕ್ಕೆ 600 ಮಿ.ಮೀ. ಮುಚ್ಚಳವೊಂದನ್ನು ಬಿಟ್ಟಿದೆ, ಒಬ್ಬರು ಇಳಿಯಬಹುದು. ಕೆಳಗೆ ವಾಯವ್ಯದ ನಾಲ್ಕು ಕಂಬಗಳ ಮೇಲೆ ಶಾಯಿಯಲ್ಲಿ ದಿನಾಂಕ ಮತ್ತು ತೇವದ ಅಂಕಿ ಬರೆದಿದೆ. ಫೆಬ್ರುವರಿಯಲ್ಲಿ 31 ತೋರಿಸಿದ ಮೂಲೆಯಲ್ಲಿ ಹೊಸ ಬುಡ ಈಗ 17. ಮೀಟರು ಮುಚ್ಚಳದ ಪಕ್ಕದ ಮೊಳೆಗೆ ತೂಗುಹಾಕಿದೆ. ಮುಂದಿನ ಜುಲೈ ಮಧ್ಯದಲ್ಲಿ, ತ್ಸುಯು ಮುಗಿದ ವಾರ, ಅದೇ ನಾಲ್ಕು ಜಾಗದಲ್ಲಿ ಸೂಜಿ ಚುಚ್ಚಿ ಹೊಸ ಅಂಕಿಯನ್ನು ಹಳೆಯದರ ಕೆಳಗೆ ಬರೆಯಬೇಕು. 20 ದಾಟಿದ್ದರೆ ಮೊದಲು ಹೊರಗಿನ ಜಲ್ಲಿಯ ಮೇಲೆ ಎಲೆ, ಮಣ್ಣು ತುಂಬಿದೆಯೇ ನೋಡಿ ತೆಗೆಯಿರಿ.